ದೇವೀರಮ್ಮನ ಬೆಟ್ಟಕ್ಕೆ ಬೆಂಗಳೂರಿಂದ ಹೊರಡುವವರಿಗೆ

ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗಲೇ ನಮ್ಮ ವಿಜಯನಗರದ ಮನೆಯಲ್ಲಿ ಒಂದು ಸಣ್ಣ ಜಗಳ ಶುರುವಾಗುತ್ತದೆ. ನರಕ ಚತುರ್ದಶಿಯ ಬೆಳಗಿನ ಜಾವ ಮನೆಮಂದಿಯೆಲ್ಲ ಎಣ್ಣೆ ಸ್ನಾನ ಮಾಡಲೇಬೇಕು ಅನ್ನುವುದು ಅಮ್ಮನ ಹಟ. ಆ ಹೊತ್ತಿಗೆ ನಾನು ಚಿಕ್ಕಮಗಳೂರಿನ ಆಚೆ ಕತ್ತಲಲ್ಲಿ, ಬರಿಗಾಲಲ್ಲಿ, ಕಂಕುಳಲ್ಲಿ ಒಂದು ತುಂಡು ಸೌದೆ ಸಿಕ್ಕಿಸಿಕೊಂಡು ಬೆಟ್ಟ ಹತ್ತುತ್ತಿರಬೇಕು ಅನ್ನುವುದು ನನ್ನ ಹಟ. ಕೊನೆಗೆ ರಾಜಿಯಾಗುತ್ತದೆ. ಹೊರಡುವ ರಾತ್ರಿ ಅಮ್ಮ ನನ್ನ ನೆತ್ತಿಗೆ ಒಂದು ಹನಿ ಎಣ್ಣೆ ಒತ್ತುತ್ತಾಳೆ, ಸ್ನಾನ ಬಾಕಿ ಉಳಿಯುತ್ತದೆ.

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲೇನಹಳ್ಳಿ, ಬಿಂಡಿಗ ಊರುಗಳ ಬೆನ್ನಿಗೇ ನಿಂತಿರುವುದು ದೇವೀರಮ್ಮನ ಬೆಟ್ಟ. ತುದಿಯಲ್ಲಿ ದೇವಿಯ ಸಣ್ಣ ಗುಡಿ, ಕೆಳಗೆ ಬಿಂಡಿಗದಲ್ಲಿ ಅವಳ ದೊಡ್ಡ ದೇವಸ್ಥಾನ. ಕೆಳಗಿನ ದೇವಸ್ಥಾನಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಬೆಟ್ಟದ ಮೇಲಿನ ದರ್ಶನ ಮಾತ್ರ ವರ್ಷಕ್ಕೊಮ್ಮೆ, ದೀಪಾವಳಿಗೆ. ಮಹಿಷಾಸುರನನ್ನು ಕೊಂದ ದೇವಿ ಸಿಟ್ಟು ಇಳಿಸಿಕೊಳ್ಳಲು ಈ ತಣ್ಣನೆಯ ಬೆಟ್ಟಕ್ಕೆ ಬಂದಳು ಎಂದು ಆ ಕಡೆಯವರು ಹೇಳುತ್ತಾರೆ. ಆ ಚಳಿ, ಆ ಗಾಳಿ ನೋಡಿದರೆ ಜಾಗ ಚೆನ್ನಾಗಿಯೇ ಆರಿಸಿಕೊಂಡಿದ್ದಾಳೆ ಅನ್ನಿಸುತ್ತದೆ.

ನಾನು ಹೇಳುವುದೆಲ್ಲ ಮೊದಲ ಸಲ ಹೋಗುವವರಿಗೆ. ಇದನ್ನು ಟ್ರೆಕ್ಕಿಂಗ್ ಅಂದುಕೊಂಡು ಬರುವ ಬೆಂಗಳೂರಿನವರು ಬೆಟ್ಟವನ್ನು ಸರಿಯಾಗಿಯೇ ಹತ್ತುತ್ತಾರೆ, ಹಬ್ಬವನ್ನು ಮಾತ್ರ ತಪ್ಪಿಸಿಕೊಂಡು ವಾಪಸ್ ಬರುತ್ತಾರೆ. ಮೊದಲ ವರ್ಷ ನಾನೂ ಹಾಗೇ ಮಾಡಿದ್ದೆ.

ಮೊದಲು ತಿಥಿ, ಆಮೇಲೆ ರಜೆ

ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ನೋಡಿ ಟಿಕೆಟ್ ಬುಕ್ ಮಾಡಬೇಡಿ. ನೋಡಬೇಕಾದ್ದು ಆಶ್ವಯುಜ ಬಹುಳ ಚತುರ್ದಶಿ, ಅಂದರೆ ನರಕ ಚತುರ್ದಶಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಮರುದಿನ ಅಮಾವಾಸ್ಯೆ. ಕೆಲವು ವರ್ಷ ತಿಥಿಗಳು ಒಂದರ ಮೇಲೊಂದು ಬಿದ್ದು ಲೆಕ್ಕ ಅದಲುಬದಲಾಗುತ್ತದೆ. ಅದೂ ಅಲ್ಲದೆ ನೂಕುನುಗ್ಗಲು ತಪ್ಪಿಸಲು ಈಚಿನ ವರ್ಷಗಳಲ್ಲಿ ಎರಡು ದಿನ ಬೆಟ್ಟ ಹತ್ತಲು ಬಿಡುತ್ತಿದ್ದಾರೆ. ಯಾವ ದಿನ, ಎಷ್ಟು ಗಂಟೆಯಿಂದ ಎಂಬುದನ್ನು ಚಿಕ್ಕಮಗಳೂರು ಜಿಲ್ಲಾಡಳಿತ ಹಬ್ಬಕ್ಕೆ ಮೊದಲು ಪ್ರಕಟಿಸುತ್ತದೆ. ಅದನ್ನು ನೋಡದೆ ಹೊರಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಹಳೇ ಪೋಸ್ಟರುಗಳನ್ನು ನಂಬಬೇಡಿ. ಎರಡರಲ್ಲಿ ಒಂದು ದಿನ ಆರಿಸುವುದಾದರೆ, ಸಂಜೆ ಬೆಟ್ಟದ ಮೇಲೆ ದೀಪ ಹಚ್ಚುವ ದಿನವೇ ಇರಲಿ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ರಜೆ ಎರಡು ದಿನ ಬೇಕು. ಬೆಳಿಗ್ಗೆ ಹತ್ತಿ ಇಳಿದು ರಾತ್ರಿಯೊಳಗೆ ಬೆಂಗಳೂರು ಮುಟ್ಟುತ್ತೇನೆ ಅನ್ನುವವರಿದ್ದಾರೆ. ಮುಟ್ಟಬಹುದು. ಮರುದಿನ ಅವರ ಮಂಡಿಯನ್ನು ಕೇಳಿ ನೋಡಿ.

ಮೆಜೆಸ್ಟಿಕ್‌ನಿಂದ ಮಲ್ಲೇನಹಳ್ಳಿಗೆ

ಬೆಂಗಳೂರಿಂದ ಚಿಕ್ಕಮಗಳೂರಿಗೆ ಹತ್ತಿರ ಹತ್ತಿರ 245 ಕಿಲೋಮೀಟರ್. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಒಂದು ದಾರಿ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಇನ್ನೊಂದು. ಯಾವ ದಾರಿಯಾದರೂ ನೆಲಮಂಗಲ ದಾಟುವುದೇ ಹಬ್ಬದ ರಾತ್ರಿಯ ದೊಡ್ಡ ಸಾಹಸ. ಆ ರಾತ್ರಿ ಅರ್ಧ ಬೆಂಗಳೂರು ಊರಿಗೆ ಹೊರಟಿರುತ್ತದೆ. ಗೊರಗುಂಟೆಪಾಳ್ಯದಿಂದ ನೆಲಮಂಗಲಕ್ಕೆ ಎರಡು ಗಂಟೆ ಹಿಡಿದದ್ದೂ ನನಗೆ ಗೊತ್ತು. ಅದಕ್ಕೇ ಹತ್ತು, ಹನ್ನೊಂದರ ಬಸ್ಸಿನ ಆಸೆ ಬಿಟ್ಟು ಸಂಜೆ ಏಳೆಂಟಕ್ಕೇ ಹೊರಡುವ ಬಸ್ಸು ಹಿಡಿಯಿರಿ. ಬೇಗ ತಲುಪಿದರೆ ಚಿಕ್ಕಮಗಳೂರು ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ ಕೂತಿರಬಹುದು, ತಡವಾದರೆ ಬಿಸಿಲಲ್ಲಿ ಹತ್ತಬೇಕು.

ಒಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಸೀಟು ಸಿಗದೆ ಖಾಸಗಿ ಬಸ್ಸು ಹತ್ತಿದೆ. ಹಬ್ಬದ ದರ ಅಂತ ದುಪ್ಪಟ್ಟು ಕಿತ್ತುಕೊಂಡರು, ಪಿಕಪ್ಪು ಪಿಕಪ್ಪು ಅಂತ ಊರೆಲ್ಲ ಸುತ್ತಿಸಿದರು, ಬೆಳಕು ಹರಿದು ಎಷ್ಟೋ ಹೊತ್ತಾದ ಮೇಲೆ ಇಳಿಸಿದರು. ಆಮೇಲಿಂದ ತಿಂಗಳಿಗೆ ಮೊದಲೇ ಕೆಎಸ್‌ಆರ್‌ಟಿಸಿ ಟಿಕೆಟ್ ಮಾಡಿಸುತ್ತೇನೆ. ಹಬ್ಬಕ್ಕೆ ಹೆಚ್ಚುವರಿ ಬಸ್ಸೂ ಬಿಡುತ್ತಾರೆ. ಹೆಂಗಸರಿಗೆ ಒಂದು ಮಾತು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ, ರಾಜಹಂಸ, ಸ್ಲೀಪರುಗಳಿಗಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ಯಶವಂತಪುರದಿಂದ ಅರಸೀಕೆರೆ, ಕಡೂರು ಮೇಲೆ ಹೋಗುವ ರೈಲೂ ಇದೆ. ಹಿಂದಿನ ದಿನವೇ ಹೋಗಿ ಚಿಕ್ಕಮಗಳೂರಲ್ಲಿ ಉಳಿದುಕೊಳ್ಳುವವರಿಗೆ ಅದು ಸುಖ.

ಚಿಕ್ಕಮಗಳೂರಿನಿಂದ ಮುಂದಕ್ಕೆ ಹಬ್ಬದ ದಿನ ಬಸ್ಸಿಗೆ ಬರವಿಲ್ಲ. "ದೇವೀರಮ್ಮ, ದೇವೀರಮ್ಮ" ಅಂತ ಕೂಗುತ್ತಾ ಕಂಡಕ್ಟರೇ ಕರೆಯುತ್ತಿರುತ್ತಾನೆ. ಸ್ವಂತ ಕಾರು ಬೇಡ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಮಲ್ಲೇನಹಳ್ಳಿಯ ರಸ್ತೆ ಕಾಫಿ ತೋಟಗಳ ನಡುವಿನ ಸಣ್ಣ ರಸ್ತೆ, ಪಾರ್ಕಿಂಗ್ ಸಿಕ್ಕುವುದು ದೂರದಲ್ಲಿ. ಅದಕ್ಕಿಂತ ಮುಖ್ಯವಾಗಿ, ರಾತ್ರಿಯೆಲ್ಲ ಓಡಿಸಿ, ಬೆಟ್ಟ ಹತ್ತಿ ಇಳಿದು, ಮತ್ತೆ ಸ್ಟೀರಿಂಗ್ ಹಿಡಿಯುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಬೆಟ್ಟಕ್ಕೆ ಬೇರೆ ದಾರಿಗಳೂ ಇವೆ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರೆ ಕಡೆಯಿಂದ ಗುಡ್ಡದ ಏಣಿನ ಮೇಲೆ ನಡೆದು ಬರುವವರಿದ್ದಾರೆ, ಅರಿಸಿನಗುಪ್ಪೆ ಕಡೆಯಿಂದ ಹತ್ತುವವರಿದ್ದಾರೆ. ಮೊದಲ ಸಲಕ್ಕೆ ಅವು ಬೇಡ. ಮಾಣಿಕ್ಯಧಾರೆಯ ದಾರಿ ಚಂದ ನಿಜ. ಆದರೆ ಮಂಜು ಕವಿದರೆ ಮುಂದಿದ್ದವನ ಬೆನ್ನೂ ಕಾಣದು. ಗಿರಿಶ್ರೇಣಿಗೆ ಹೋಗುವ ವಾಹನಗಳಿಗೆ 2025ರಿಂದ ಮುಂಗಡ ನೋಂದಣಿಯ ನಿಯಮವೂ ಬಂದಿದೆ. ಬಿಂಡಿಗ, ಮಲ್ಲೇನಹಳ್ಳಿ ಕಡೆಯಿಂದಲೇ ಹತ್ತಿ, ಅಲ್ಲಿಂದಲೇ ಇಳಿಯಿರಿ.

ಚೀಲದಲ್ಲಿ ಏನಿರಬೇಕು

ಮೊದಲು ದೇವಿಗೆ, ಆಮೇಲೆ ನಿಮಗೆ.

ದೇವಿಗೆ ಮೂರು ಸಾಕು. ಒಂದು ತುಂಡು ಸೌದೆ, ಒಂದು ಹತ್ತಿ ಬಟ್ಟೆ, ಸ್ವಲ್ಪ ತುಪ್ಪ ಅಥವಾ ಎಣ್ಣೆ. ಸಂಜೆ ತುದಿಯಲ್ಲಿ ಉರಿಯುವ ದೀಪ ಹಣತೆಯದ್ದಲ್ಲ. ಜನ ಹೊತ್ತು ತಂದ ಸೌದೆ, ಬಟ್ಟೆ, ತುಪ್ಪದಲ್ಲೇ ಎದ್ದು ನಿಲ್ಲುವ ದೊಡ್ಡ ಉರಿ ಅದು. ಬರಿಗೈಯಲ್ಲಿ ಹತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಸಂಜೆ ಕೆಳಗೆ ನಿಂತು ಅದನ್ನು ನೋಡುವಾಗ ಅದರಲ್ಲಿ ನಿಮ್ಮದೊಂದು ತುಂಡು ಇದೆಯೋ ಇಲ್ಲವೋ ಎಂಬುದು ನಿಮಗೆ ಗೊತ್ತಿರುತ್ತದಲ್ಲ.

ಸೌದೆಯನ್ನು ಕಾಡಿನಲ್ಲಿ ಮುರಿಯಬೇಡಿ, ತೋಟದ ಬೇಲಿಯಿಂದ ಕೀಳಬೇಡಿ. ನಾನು ನಮ್ಮ ಬೀದಿಯ ಮರಗೆಲಸದವರ ಹತ್ತಿರ ಮೊಳದುದ್ದದ ಒಂದು ರಿಪೀಸು ಕೇಳಿ ತರುತ್ತೇನೆ. ಹೊಳಪಿನ ಪ್ಲೈವುಡ್, ಪಾಲಿಶ್ ಮಾಡಿದ ಮರ ಬೇಡ, ಹೊಗೆ ಕೆಟ್ಟದು. ಬಟ್ಟೆ ಹತ್ತಿಯದೇ ಇರಲಿ, ಸಿಂಥೆಟಿಕ್ ಕರಗಿ ಅಂಟುತ್ತದೆ. ಅಮ್ಮ ಪ್ರತಿವರ್ಷ ಹಳೇ ಬಿಳಿ ಪಂಚೆಯೊಂದರ ಅಂಚು ಹರಿದು, ಒಗೆದು, ಮಡಚಿ ಕೊಡುತ್ತಾಳೆ.

ತುಪ್ಪದ ಕತೆ ಬೇರೆ. ಮೊದಲ ವರ್ಷ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ಚೀಲದ ಮೇಲಿನ ಅರೆಯಲ್ಲಿಟ್ಟೆ. ಬಸ್ಸಿನ ಸೆಖೆಗೆ ಕರಗಿ, ಮುಚ್ಚಳದ ಸಂದಿನಲ್ಲಿ ಇಳಿದು, ಸ್ವೆಟರು, ಮೊಬೈಲ್ ಚಾರ್ಜರು, ಎಲೆಯಡಿಕೆ ಎಲ್ಲಕ್ಕೂ ಅಭಿಷೇಕವಾಯಿತು. ಬೆಳಗಿನ ಜಾವ ಮಲ್ಲೇನಹಳ್ಳಿಯಲ್ಲಿ ಚೀಲ ಬಿಚ್ಚಿ ನೋಡಿದರೆ ಚಳಿಗೆ ತುಪ್ಪ ಮತ್ತೆ ಗಟ್ಟಿಯಾಗಿ, ಸ್ವೆಟರಿನ ತೋಳು ರೊಟ್ಟಿಯ ಹಾಗೆ ಸೆಟೆದುಕೊಂಡಿತ್ತು. ಈಗ ತಿರುಪಿನ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ, ಅದರ ಸುತ್ತ ಅದೇ ಪಂಚೆಯ ತುಂಡು, ಅದರ ಮೇಲೆ ಒಂದು ರಬ್ಬರ್ ಬ್ಯಾಂಡು.

ನಿಮಗೆ ಬೇಕಾದ್ದು: ಎರಡು ಲೀಟರ್ ನೀರು, ತೊಳೆದು ಮತ್ತೆ ತುಂಬುವ ಬಾಟಲಿಯಲ್ಲಿ. ಓಆರ್‌ಎಸ್ ಪುಡಿ ಎರಡು ಪೊಟ್ಟಣ. ತಲೆಗೆ ಕಟ್ಟುವ ಟಾರ್ಚು, ಯಾಕೆಂದರೆ ಎರಡು ಕೈಯೂ ಖಾಲಿ ಇರಬೇಕು. ಕಡಲೆಕಾಯಿ, ಬೆಲ್ಲ, ಖರ್ಜೂರ. ಚಕ್ಕುಲಿ, ಕೋಡುಬಳೆ ಬಾಯಾರಿಸುತ್ತವೆ, ಅವು ಇಳಿದ ಮೇಲೆ. ಮಳೆಕೋಟು ಬೇಕೇ ಬೇಕು, ಛತ್ರಿ ಬೇಡವೇ ಬೇಡ. ಬೆಟ್ಟದ ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ಸಾಲಿನಲ್ಲಿ ಹಿಂದಿದ್ದವರ ಕಣ್ಣಿಗೆ ಅದರ ಕಡ್ಡಿ ನೇರ. ಹಬ್ಬ ಬೀಳುವುದು ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ. ಬೆಂಗಳೂರಲ್ಲಿ ಬಿಸಿಲಿದೆ ಅಂತ ಮೋಸ ಹೋಗಬೇಡಿ. ಚಿಕ್ಕಮಗಳೂರು ಪೇಟೆಯೇ ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಎತ್ತರದಲ್ಲಿದೆ, ಬೆಟ್ಟ ಅದಕ್ಕೂ ಮೇಲೆ. ಹಾಗಾಗಿ ಒಂದು ಸ್ವೆಟರೂ ಇರಲಿ, ತುಪ್ಪದಿಂದ ದೂರ.

ಮಳೆ ಬಂದ ವರ್ಷ ಹುಲ್ಲಿನಲ್ಲಿ ಇಂಬಳ, ಅಂದರೆ ಜಿಗಣೆ, ಇರುತ್ತವೆ. ಒಂದು ಚಿಟಿಕೆ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟುಕೊಂಡು, ಕಚ್ಚಿದ ಕಡೆ ಒತ್ತಿದರೆ ತಾನಾಗಿ ಉದುರುತ್ತವೆ. ಕಿತ್ತು ಎಳೆದರೆ ಗಾಯ ದೊಡ್ಡದಾಗುತ್ತದೆ.

ಹತ್ತುವುದು

ಚಪ್ಪಲಿಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲೇ ಹತ್ತುತ್ತಾರೆ, ಹೆಚ್ಚಿನ ಜನ ಹಾಗೇ. ನನಗೆ ಹರಕೆ ಏನಿಲ್ಲ. ಆದರೂ ಈಗ ಬರಿಗಾಲೇ. ಭಕ್ತಿಗಿಂತ ಹೆಚ್ಚು ಅನುಕೂಲಕ್ಕೆ ಅನ್ನಿ: ಒದ್ದೆ ಮಣ್ಣಿನಲ್ಲಿ ಬೆರಳುಗಳು ಹಿಡಿಯುವಷ್ಟು ಸವೆದ ಶೂ ಹಿಡಿಯುವುದಿಲ್ಲ. ಬೆಂಗಳೂರಿನ ಮೊಸಾಯಿಕ್ ನೆಲದ ಮೇಲೆ ಬೆಳೆದ ಪಾದಕ್ಕೆ ಕಲ್ಲು ಚುಚ್ಚುತ್ತದೆ. ಎರಡು ವಾರ ಮೊದಲೇ ದಿನಾ ಅರ್ಧ ಗಂಟೆ ಪಾರ್ಕಿನ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದು ಅಭ್ಯಾಸ ಮಾಡಿ. ಸಕ್ಕರೆ ಕಾಯಿಲೆ ಇರುವವರು, ಪಾದಕ್ಕೆ ಸ್ಪರ್ಶ ಕಡಿಮೆ ಇರುವವರು ಮಾತ್ರ ಒಳ್ಳೆ ಹಿಡಿತದ ಶೂ ಹಾಕಿಯೇ ಹತ್ತಿ, ಗುಡಿಯ ಹತ್ತಿರ ಬಿಟ್ಟರಾಯಿತು. ದೇವಿ ಬೇಜಾರು ಮಾಡಿಕೊಳ್ಳುವುದಿಲ್ಲ. ಚುಚ್ಚುತ್ತದೆ ಅಂತ ಬರೀ ಸಾಕ್ಸ್ ಹಾಕಿ ಹತ್ತುವುದು ಮಾತ್ರ ಬೇಡ. ಒದ್ದೆಯಾದ ಸಾಕ್ಸು ಬಾಳೆಹಣ್ಣಿನ ಸಿಪ್ಪೆ ಇದ್ದ ಹಾಗೆ.

ಜಿಲ್ಲಾಡಳಿತ ಬಿಟ್ಟರೆ ಕತ್ತಲಿರುವಾಗಲೇ ಶುರು ಮಾಡಿ. ಮೊದಲು ತೋಟ, ನೆರಳಿನ ದಾರಿ. ಆ ಹೊತ್ತಿಗೆ ಅರೇಬಿಕಾ ಹಣ್ಣಾಗಲು ಶುರುವಾಗಿ, ಟಾರ್ಚಿನ ಬೆಳಕಿಗೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಹಣ್ಣು ಮಿನುಗುತ್ತದೆ. ಕೀಳಬೇಡಿ, ಅದು ಒಬ್ಬರ ವರ್ಷದ ದುಡಿಮೆ. ತೋಟ ಮುಗಿದ ಮೇಲೆ ಬಯಲು ಹುಲ್ಲು, ಅಲ್ಲಿಂದ ಬೆಟ್ಟ ತನ್ನ ನಿಜರೂಪ ತೋರಿಸುತ್ತದೆ. ಮೇಲೆ ನೋಡಿದರೆ ಟಾರ್ಚುಗಳ ಸಾಲು ನೆಟ್ಟಗೆ ಆಕಾಶಕ್ಕೆ ಹತ್ತಿಹೋದ ಹಾಗಿರುತ್ತದೆ. ಎಷ್ಟು ದೂರ ಇದೆ ಅಂತ ಆಗ ಅಂದಾಜು ಹಾಕಲು ಹೋಗಬೇಡಿ, ಎದೆ ಒಡೆಯುತ್ತದೆ. ಕಾಲ ಬುಡ ನೋಡುತ್ತಾ ಹೋಗಿ.

ಜನ ಕಡಿಮೆ ಇದ್ದರೆ ಎರಡು ಮೂರು ಗಂಟೆಯಲ್ಲಿ ತುದಿ ಮುಟ್ಟಿದ್ದೇನೆ, ಸಾಲು ಕಟ್ಟಿ ನಿಂತ ವರ್ಷ ಐದು ಗಂಟೆ ಆಗಿದೆ. ಮಾತಾಡಿಕೊಂಡೇ ಹತ್ತುವಷ್ಟು ನಿಧಾನ ಇರಲಿ. ಮಾತು ತುಂಡಾಗಿ ಏದುಸಿರು ಬಂತು ಅಂದರೆ ಬದಿಗೆ ಸರಿದು ನಿಲ್ಲಿ, ಬೆಟ್ಟದ ಕಡೆಗೆ, ಕಮರಿಯ ಕಡೆಗಲ್ಲ. ಕಡಿದಾದ ಕಡೆ ಹಗ್ಗ ಕಟ್ಟಿದ್ದರೆ ಅದನ್ನು ಒಂದು ಕೈಯಲ್ಲಿ ಹಿಡಿಯಿರಿ, ಮೈಭಾರವನ್ನೆಲ್ಲ ಅದಕ್ಕೆ ಹಾಕಬೇಡಿ. ಇಪ್ಪತ್ತು ಜನ ಅದೇ ಹಗ್ಗ ಜಗ್ಗುತ್ತಿರುತ್ತಾರೆ. ಬೇಗ ಅಂತ ಹುಲ್ಲಿನಲ್ಲಿ ಅಡ್ಡದಾರಿ ಹಿಡಿಯುವ ಹುಡುಗರ ಹಿಂದೆ ಹೋಗಬೇಡಿ. ಅವರ ಕಾಲಿಂದ ಕಿತ್ತ ಕಲ್ಲು ಉರುಳಿ ಬರುವುದು ಕೆಳಗೆ ಸಾಲಿನಲ್ಲಿರುವವರ ಮೇಲೆ.

ಎದೆನೋವು, ಉಬ್ಬಸ, ಹೆಚ್ಚು ರಕ್ತದೊತ್ತಡ ಇರುವವರು, ಬಸುರಿಯರು ಹತ್ತುವುದು ಬೇಡ. ಬಿಂಡಿಗದಲ್ಲೇ ದೇವಿ ಇದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರ ಒಳ ಅಂಗಿಯ ಮೇಲೆ ನಿಮ್ಮ ಫೋನ್ ನಂಬರು ಬರೆಯಿರಿ. ಅಂಗೈ ಮೇಲೆ ಬೇಡ, ಬೆವರಿಗೆ ಅಳಿಸುತ್ತದೆ. ಜನಜಂಗುಳಿಯಲ್ಲಿ ಸಿಗ್ನಲ್ ಕೈಕೊಡುತ್ತದೆ. ಗುಂಪು ಚದುರಿದರೆ ಎಲ್ಲಿ ಸೇರಬೇಕು ಎಂದು ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿ: "ಮೇಲೆ" ಅನ್ನುವುದು ಜಾಗವಲ್ಲ, "ಬಿಂಡಿಗ ದೇವಸ್ಥಾನದ ಬಾಗಿಲು" ಅನ್ನುವುದು ಜಾಗ.

ತುದಿಯಲ್ಲಿ ಹೆಚ್ಚು ಹೇಳುವುದೇನಿಲ್ಲ. ಸೌದೆ, ಬಟ್ಟೆ, ತುಪ್ಪ ಒಪ್ಪಿಸಿ, ಕೈಮುಗಿದು, ಜಾಗ ಬಿಡಿ. ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವಷ್ಟು ಜಾಗ ಅಲ್ಲಿಲ್ಲ, ನಿಮ್ಮ ಹಿಂದೆ ಇನ್ನೂ ಸಾವಿರಾರು ಜನ ಇದ್ದಾರೆ. ಕಾವಳ ಸರಿದರೆ ಸುತ್ತ ಗಿರಿಸಾಲು ಕಾಣುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ ಇರುವುದೂ ಇದೇ ಸಾಲಿನಲ್ಲಿ. ಸರಿಯದಿದ್ದರೆ ಬಿಳಿ ಗೋಡೆ. ನನಗೆ ಹೆಚ್ಚು ಸಲ ಸಿಕ್ಕಿದ್ದು ಬಿಳಿ ಗೋಡೆಯೇ.

ಇಳಿಯುವುದು

ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಇಳಿಯುವಾಗ. ಹತ್ತುವಾಗ ಭಯ ಇರುತ್ತದೆ, ಇಳಿಯುವಾಗ ಕೆಲಸ ಮುಗಿಯಿತು ಅನ್ನುವ ಉಡಾಫೆ. ಅಷ್ಟರಲ್ಲಿ ಸಾವಿರಾರು ಪಾದ ತುಳಿದು ಮಣ್ಣು ನುಣ್ಣಗಾಗಿರುತ್ತದೆ. ಮಳೆ ಬಿದ್ದಿದ್ದರೆ ಕೇಳುವುದೇ ಬೇಡ, ಸಾರಿಸಿದ ನೆಲದ ಹಾಗೆ.

ಎರಡನೇ ವರ್ಷ ನಾನು ಎರಡು ಸಲ ಜಾರಿ ಕೂತೆ. ಮೂರನೇ ಸಲಕ್ಕೆ ಅರಸೀಕೆರೆ ಕಡೆಯ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಎಪ್ಪತ್ತರ ಹತ್ತಿರದ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒಂದು ಕೋಲು.

"ಏನ್ ಮಗಾ, ಮುಂಗಾಲ್ ಊರ್ತೀಯಲ್ಲ. ಹಿಮ್ಮಡಿ ಊರು. ಸೊಟ್ಟ ನಿಂತ್ಕ, ಏಡಿ ಹೋಗ್ತದಲ್ಲ, ಹಂಗೆ ಇಳಿ."

"ನಿಮಗೆ ಕಾಲು ನೋಯಲ್ವಾ ಅಜ್ಜಿ?"

"ನೋಯ್ತದೆ. ಮನೇಲಿ ಕುಂತ್ರೂ ನೋಯ್ತದೆ."

ಅಜ್ಜಿಯ ಪಾಠ ಅಷ್ಟೇ, ಅದಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕೇಳಿಲ್ಲ. ಮೈಯನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ, ಕೆಳಗಿನ ಕಾಲನ್ನು ಮೊದಲು ಊರಿ, ಅದು ನಿಂತಿತು ಅಂತ ಖಾತ್ರಿಯಾದ ಮೇಲೆ ಮೇಲಿನ ಕಾಲನ್ನು ತನ್ನಿ. ಮಂಡಿ ಸ್ವಲ್ಪ ಬಗ್ಗಿರಲಿ. ಕೋಲು ಇದ್ದರೆ ಕೆಳಗಿನ ಬದಿಗೆ ಊರಿ. ಮುಂದಿದ್ದವರ ಹೆಗಲು ಹಿಡಿಯಬೇಡಿ, ಒಬ್ಬರು ಜಾರಿದರೆ ಸಾಲೇ ಉರುಳುತ್ತದೆ. ಜಾರಿದಿರಿ ಅಂತಾದರೆ ಕೈ ಚಾಚಿ ತಡೆಯಲು ಹೋಗದೆ ಹಿಂದಕ್ಕೆ ಕೂತುಬಿಡಿ. ಪ್ಯಾಂಟು ಕೆಸರಾಗುತ್ತದೆ, ಮಣಿಕಟ್ಟು ಉಳಿಯುತ್ತದೆ.

ಕತ್ತಲಾಗುವವರೆಗೆ ನಿಲ್ಲಿ

ಬೆಂಗಳೂರಿನವರು ತಪ್ಪಿಸಿಕೊಳ್ಳುವುದು ಇದನ್ನೇ. ಮಧ್ಯಾಹ್ನ ಇಳಿದವರು ನೇರ ಬಸ್ಸಿಗೆ ಓಡುತ್ತಾರೆ. ಓಡಬೇಡಿ. ಉಂಡು, ಎಲ್ಲಾದರೂ ಕಟ್ಟೆಯ ಮೇಲೆ ಎರಡು ಗಂಟೆ ಮಲಗಿ, ಸಂಜೆ ಬೆಟ್ಟ ಪೂರ್ತಿ ಕಾಣುವ ಒಂದು ಬಯಲು ಹುಡುಕಿ ನಿಂತುಕೊಳ್ಳಿ. ಅಷ್ಟೊತ್ತು ನಿಮ್ಮನ್ನು ಆಟವಾಡಿಸಿದ ಬೆಟ್ಟ ಆಗ ಬರೀ ಒಂದು ಕಪ್ಪು ಆಕಾರ. ಸುತ್ತಲ ಮನೆಗಳಲ್ಲೂ ಅಂಗಳದಲ್ಲಿ ಜನ ನಿಂತಿರುತ್ತಾರೆ, ಆರತಿ ತಟ್ಟೆ ತಯಾರು, ದೀಪ ಇನ್ನೂ ಹಚ್ಚಿಲ್ಲ. ಒಂದು ಚುಕ್ಕೆ ಕಾಣುತ್ತದೆ. ನಕ್ಷತ್ರವೋ ಅನ್ನುವಷ್ಟರಲ್ಲಿ ಅದು ಕೆಂಪಾಗಿ, ಅಗಲವಾಗಿ, ಬೆಟ್ಟದ ನೆತ್ತಿಯ ಮೇಲೆ ನಿಲ್ಲುತ್ತದೆ. ನಾನು ನಿಂತಿದ್ದ ಕಡೆ ಒಬ್ಬಾಕೆ ಮೊದಲು ಬೆಟ್ಟಕ್ಕೆ ಆರತಿ ಎತ್ತಿ, ಆಮೇಲೆ ತಿರುಗಿ ತಮ್ಮ ಹೊಸ್ತಿಲಿಗೆ ಹಣತೆ ಇಟ್ಟರು. ಪಕ್ಕದ ಮನೆಯಲ್ಲಿ ಒಂದು, ಅದರಾಚೆ ಇನ್ನೊಂದು. ದೀಪಾವಳಿ ಒಂದು ಬೆಂಕಿಯಿಂದ ಶುರುವಾಗುವುದನ್ನು ನಾನು ನೋಡಿದ್ದು ಅಲ್ಲೇ.

ಈ ದೀಪವನ್ನು ಹಿಂದೆ ಮೈಸೂರು ಅರಮನೆಯಿಂದ ಮಹಾರಾಜರು ನೋಡುತ್ತಿದ್ದರು ಎಂದು ಆ ಕಡೆ ಎಲ್ಲರೂ ಹೇಳುತ್ತಾರೆ. ಗಾಳಿದಾರಿಯಲ್ಲಿ ಲೆಕ್ಕ ಹಾಕಿದರೂ ನೂರು ಕಿಲೋಮೀಟರಿಗಿಂತ ಹೆಚ್ಚು. ನಂಬುವುದು ಬಿಡುವುದು ನಿಮ್ಮಿಷ್ಟ, ಹೇಳುವವರ ಎದುರು ಮಾತ್ರ ವಾದ ಬೇಡ.

ರಾತ್ರಿ ಚಿಕ್ಕಮಗಳೂರಿಗೆ ವಾಪಸ್ ಬಂದು ಉಳಿಯಿರಿ. ರೂಮು ಹಬ್ಬದ ಹೊತ್ತಿಗೆ ಸಿಗುವುದಿಲ್ಲ, ಬಸ್ ಟಿಕೆಟ್ ಜತೆಗೇ ಮಾಡಿಸಿಡಿ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಅದ್ದಿಡಿ, ಅಂಗಾಲಿನ ಗೀರುಗಳು ಉರಿದರೂ ಹತ್ತು ನಿಮಿಷ ತಡೆಯಿರಿ. ಮರುದಿನ ಬಿಂಡಿಗದ ದೇವಸ್ಥಾನಕ್ಕೆ ಹೋಗಿ ಬನ್ನಿ. ದೇವಿ ಬೆಟ್ಟದಿಂದ ಇಳಿದು ಬರುತ್ತಾಳೆ, ಆಗ ಗುಡಿಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಅಲ್ಲಿ ಜನ ಜಾಸ್ತಿ, ಆದರೆ ಹತ್ತುವುದಿಲ್ಲ, ಇಳಿಯುವುದಿಲ್ಲ, ಆ ಕಾಲುಗಳಿಗೆ ಅದೇ ದೊಡ್ಡ ಪುಣ್ಯ.

ವಾಪಸ್ ಬಸ್ಸನ್ನು ಅಮಾವಾಸ್ಯೆಯ ಸಂಜೆಗೆ ಇಟ್ಟುಕೊಂಡರೆ ಪಾಡ್ಯದ ಬೆಳಿಗ್ಗೆ ಹೊತ್ತಿಗೆ ಮನೆಯಲ್ಲಿರುತ್ತೀರಿ. ಬಲಿಪಾಡ್ಯಮಿಗೂ ಎಣ್ಣೆ ಸ್ನಾನದ ಪದ್ಧತಿ ಇದೆ. ನಮ್ಮಮ್ಮ ಆ ಹೊತ್ತಿಗೆ ಒಲೆಯ ಮೇಲೆ ನೀರಿಟ್ಟು, ಎಣ್ಣೆ ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿರುತ್ತಾಳೆ. ಕಾಲು ಮುಟ್ಟಬೇಡ ಅಂದರೂ ಕೇಳದೆ, ಮೊದಲು ಕಾಲಿಗೇ ಹಚ್ಚುತ್ತಾಳೆ.